‘ಸಂಸ್ಕಾರ’ಕ್ಕೆ ರೊಕ್ಕ ಹಾಕಿದ ಮನುಷ್ಯ!

ಚಿನ್ನದ ಪದಕ ತಂದ ನಿರ್ಮಾಪಕ... ಜೈಲಿನಲ್ಲಿ ಸೊರಗಿದ ಮಡದಿ... ಭಾಲ್ಕಿ ಬಸ್‌ಸ್ಟ್ಯಾಂಡಿನ ಒಬ್ಬ ಹಳೇ ಚಾ ಪೋರ ಹೇಳುವ ಕಥೆ

“ಕಾಕಾ, ಪ್ರೊಡ್ಯೂಸರ್ ಅಂದ್ರ ರೊಕ್ಕ ಹಾಕಾಂವ, ಅಷ್ಟೇ ಹೌದಲ್ಲ?”

ಮೊನ್ನೆ ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಉದಗೀರ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ಕಾಲೇಜು ಹುಡುಗರು ಮೂರು ಮಂದಿ. ಒಬ್ಬನ ಕೈಯಲ್ಲಿ ಸಿನಿಮಾ ಪತ್ರಿಕೆ. ಯಾವ ಹೀರೋ ಎಷ್ಟು ತಗೋತಾನೆ, ಯಾವ ಚಿತ್ರ ಎಷ್ಟು ದಿನ ಓಡಿತು, ಎಲ್ಲಾ ಬಾಯಿಪಾಠ! “ಅದಕ್ಕ ಪ್ರೊಡ್ಯೂಸರ್ ಯಾರಪ್ಪಾ?” ಅಂತ ಕೇಳಿದೆ. ಮೂವರೂ ಮುಖ ಮುಖ ನೋಡಿಕೊಂಡರು. ಅದರಲ್ಲೊಬ್ಬ ನನಗೇ ತಿರುಗಿಸಿ ಕೇಳಿದ ಪ್ರಶ್ನೆ ಇದು.

ಬಸ್ಸು ಬಂತು, ಹತ್ತಿದೆ. ಹುಡುಗನಿಗೆ ಉತ್ತರ ಕೊಡಲು ಆಗಲೇ ಇಲ್ಲ. ಚಿತ್ರರಸಿಕ ಮಿತ್ರರೇ, ಅವನಿಗೆ ಹೇಳಬೇಕಾಗಿದ್ದನ್ನು ನಿಮಗೆಲ್ಲ ಹೇಳುತ್ತೇನೆ. ನಾನು ದೊಡ್ಡ ಲೇಖಕನೇನಲ್ಲ. ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹರಿದು ಆಯುಷ್ಯ ಕಳೆದವನು. ಅದಕ್ಕೂ ಮೊದಲು ಇದೇ ಬಸ್‌ಸ್ಟ್ಯಾಂಡಿನ ಹತ್ತಿರ ಚಾ ಕಪ್ಪು ತೊಳೆದವನು!

ಭಜಿ ಕಟ್ಟಿದ ಹಾಳೆ

ನಮ್ಮದು ಔರಾದ ತಾಲೂಕಿನ ಒಂದು ಸಣ್ಣ ಹಳ್ಳಿ. 1972ರ ಬರ ನೆನಪಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಹೊಲ ಒಣಗಿತು, ದನ ಮಾರಿದೆವು, ಅಪ್ಪ ಕೂಲಿಗೆ ಅಂತ ನಮ್ಮನ್ನೆಲ್ಲ ಕರಕೊಂಡು ಭಾಲ್ಕಿಗೆ ಬಂದ. ನನಗೆ ಹತ್ತು ತುಂಬಿದ ವರ್ಷ, ಅಂದರೆ 1976ರಲ್ಲಿ, ಒಂದು ಹೊಟೇಲಿಗೆ ಸೇರಿಸಿದ. ಬೆಳಗಿನ ಐದಕ್ಕೆ ಒಲೆ ಹಚ್ಚಬೇಕು, ಕಡೇ ಬಸ್ಸು ಹೋದ ಮೇಲೆ ಬೆಂಚು ಒರೆಸಿ ಅದರ ಮೇಲೇ ಮಲಗಬೇಕು. ಕಪ್ಪು ಒಡೆದರೆ ಪಗಾರದಾಗ ಕಟ್! ಮಾಲಕನ ಹೆಸರು ಬೇಡ. ಆತ ಈಗಿಲ್ಲ. ಆಗ ಎಲ್ಲ ಹೊಟೇಲಿನ ಕಥೆಯೂ ಅದೇ ಆಗಿತ್ತು.

ನಮ್ಮ ಭಾಲ್ಕಿ ಹೇಗಿತ್ತು ಗೊತ್ತೇ? ಒಂದು ಟೇಬಲ್ಲಿನಲ್ಲಿ ದಾದಾ ಕೊಂಡ್ಕೆ ಮರಾಠಿ ಡೈಲಾಗು, ಇನ್ನೊಂದರಲ್ಲಿ ‘ಶೋಲೆ’ಯ ಗಬ್ಬರ್, ಮತ್ತೊಂದರಲ್ಲಿ ನಮ್ಮ ಅಣ್ಣಾವ್ರ ‘ಮಯೂರ’! ಜಹೀರಾಬಾದ್ ಕಡೆಯಿಂದ ಬಂದವರು ಎನ್.ಟಿ.ಆರ್. ಕೃಷ್ಣನ ಬಗ್ಗೆ ತೆಲುಗಿನಲ್ಲಿ ಹಾಡಿ ಹೊಗಳುವರು. ನಾಲ್ಕೂ ಭಾಷೆ ಕಲಿಸಿದ್ದು ಆ ಹೊಟೇಲು. ಓದು ಕಲಿಸಿದ್ದು ಮಾತ್ರ ಗಿರಾಕಿಗಳು ಬಿಟ್ಟುಹೋದ ಸಿನಿಮಾ ಪತ್ರಿಕೆಗಳು.

1977ರ ಬೇಸಿಗೆ ಇರಬೇಕು. ಭಜಿ ಕಟ್ಟಲು ತಂದ ರದ್ದಿಯಲ್ಲಿ ಒಂದು ಹಾಳೆ ಸಿಕ್ಕಿತು. ಅರ್ಧ ಎಣ್ಣೆ ಕುಡಿದಿತ್ತು. ಒಬ್ಬ ಹೆಣ್ಣುಮಗಳ ಫೋಟೋ, ದೊಡ್ಡ ಕಣ್ಣು. ‘ಸಂಸ್ಕಾರ’ದ ನಟಿ, ಜೈಲು, ಸಾವು ಅಂತ ನಾಲ್ಕು ಸಾಲು. ಮುಂದಿನದು ಎಣ್ಣೆಯಲ್ಲಿ ಕಲಸಿ ಹೋಗಿತ್ತು. ನಟಿ ಅಂದ ಮೇಲೆ ಕಾರು, ಬಂಗಲೆ ಇರಬೇಕಲ್ಲ! ಜೈಲಿಗೆ ಯಾಕೆ ಹೋದಳು? ಹನ್ನೊಂದು ವರ್ಷದ ನನಗೆ ತಿಳಿಯಲಿಲ್ಲ. ಆದರೆ ಆ ಮುಖ ಮರೆಯಲಿಲ್ಲ.

ಆಕೆ ಸ್ನೇಹಲತಾ ರೆಡ್ಡಿ. ಆಕೆಯ ಗಂಡನೇ ನಮ್ಮ ಈ ಕಥೆಯ ನಾಯಕ, ತಿಕ್ಕವರಪು ಪಟ್ಟಾಭಿರಾಮ ರೆಡ್ಡಿ!

ಪೌರಾಣಿಕದ ಲಾಭ ಬಿಟ್ಟು...

ಪಟ್ಟಾಭಿ ಹುಟ್ಟಿದ್ದು 1919ರಲ್ಲಿ, ನೆಲ್ಲೂರಿನಲ್ಲಿ. ಶಾಂತಿನಿಕೇತನದಲ್ಲಿ ಓದಿದರು, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೂ ಹೋಗಿ ಬಂದರು. ಇಪ್ಪತ್ತನೇ ವಯಸ್ಸಿಗೇ ‘ಫಿಡೇಲು ರಾಗಾಲ ಡಜನ್’ ಅಂತ ಕವಿತೆಯ ಪುಸ್ತಕ ತಂದು ತೆಲುಗು ಪಂಡಿತರ ಹುಬ್ಬು ಏರಿಸಿದ ಕವಿ.

ಸಿನಿಮಾಕ್ಕೆ ಬಂದಾಗ ಜೊತೆಯಾದವರು ಯಾರು ಗೊತ್ತೇ? ‘ಪಾತಾಳ ಭೈರವಿ’, ‘ಮಾಯಾಬಜಾರ್’ ಕೊಟ್ಟ ಕೆ.ವಿ. ರೆಡ್ಡಿ! ಇವರ ಜೊತೆಗೂಡಿಯೇ 1958ರಲ್ಲಿ ‘ಪೆಳ್ಳಿನಾಟಿ ಪ್ರಮಾಣಾಲು’, 1963ರಲ್ಲಿ ‘ಶ್ರೀಕೃಷ್ಣಾರ್ಜುನ ಯುದ್ಧಮು’, 1968ರಲ್ಲಿ ‘ಭಾಗ್ಯಚಕ್ರಮು’. ನಡುವಿನ ಚಿತ್ರದಲ್ಲಿ ಎನ್.ಟಿ.ಆರ್. ಕೃಷ್ಣ, ಅಕ್ಕಿನೇನಿ ಅರ್ಜುನ! ಒಂದೇ ಪರದೆ ಮೇಲೆ ಇಬ್ಬರು ದೊಡ್ಡ ಹೀರೋಗಳು. ನಮ್ಮ ಹೊಟೇಲಿನಲ್ಲಿ ತೆಲುಗು ಮಂದಿ ಹಾಡಿ ಹೊಗಳುತ್ತಿದ್ದ ಕೃಷ್ಣನ ಹಿಂದೆಯೂ ಇದೇ ಮನುಷ್ಯ ಇದ್ದ ಅಂತ ನನಗೆ ಗೊತ್ತಾಗಲು ಎಷ್ಟೋ ವರ್ಷ ಬೇಕಾಯಿತು.

ಬೇರೆ ಯಾರಾದರೂ ಆಗಿದ್ದರೆ ಏನು ಮಾಡುತ್ತಿದ್ದರು? ಇನ್ನೂ ನಾಲ್ಕು ಪೌರಾಣಿಕ, ಎರಡು ಕೌಟುಂಬಿಕ ತೆಗೆದು ಮದ್ರಾಸಿನಲ್ಲಿ ಬಂಗಲೆ ಮೇಲೆ ಬಂಗಲೆ ಕಟ್ಟುತ್ತಿದ್ದರು. ಪಟ್ಟಾಭಿಯವರ ತಲೆಯಲ್ಲಿ ಬೇರೇನೇ ಇತ್ತು. ಗಂಡ ಹೆಂಡತಿ ಇಬ್ಬರೂ ರಾಮಮನೋಹರ ಲೋಹಿಯಾ ಅವರ ಅನುಯಾಯಿಗಳು. ಜಾತಿ ಹೋಗಬೇಕು, ಹೆಣ್ಣಿಗೆ ಸಮಾನ ಹಕ್ಕು ಬೇಕು ಅಂತ ನಂಬಿದವರು. ಸ್ನೇಹಲತಾ ಮದ್ರಾಸಿನ ‘ಮದ್ರಾಸ್ ಪ್ಲೇಯರ್ಸ್’ ನಾಟಕ ತಂಡ ಕಟ್ಟಿದವರಲ್ಲಿ ಒಬ್ಬರು. ಗಿರೀಶ ಕಾರ್ನಾಡರೂ ಆ ಬಳಗದವರೇ.

ಅವರ ಕೈಗೆ ಸಿಕ್ಕಿದ್ದು ಯು.ಆರ್. ಅನಂತಮೂರ್ತಿಯವರ ಕಾದಂಬರಿ, 1965ರ ‘ಸಂಸ್ಕಾರ’.

ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು?

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಮಲೆನಾಡಿನ ಒಂದು ಅಗ್ರಹಾರ. ನಾರಣಪ್ಪ ಅನ್ನೋ ಬ್ರಾಹ್ಮಣ ಎಲ್ಲ ಆಚಾರ ಬಿಟ್ಟವನು. ಕುಡೀತಾನೆ, ಮಾಂಸ ತಿಂತಾನೆ, ಚಂದ್ರಿ ಅನ್ನೋ ಸೂಳೆಯ ಜೊತೆ ಬಾಳ್ತಾನೆ. ಒಂದು ದಿನ ಪ್ಲೇಗಿನಿಂದ ಸಾಯ್ತಾನೆ. ಹೆಣ ಸುಡುವವರು ಯಾರು? ಸುಟ್ಟರೆ ಜಾತಿ ಕೆಡುತ್ತೆ. ಸುಡದಿದ್ದರೆ ಊರಿಗೆ ಊಟವಿಲ್ಲ. ಚಂದ್ರಿ ಮೈಮೇಲಿನ ಬಂಗಾರವನ್ನೆಲ್ಲ ಬಿಚ್ಚಿ ಮುಂದಿಡ್ತಾಳೆ: ಅವರ ಸಂಸ್ಕಾರಕ್ಕೆ ಇದನ್ನ ತಗೊಳ್ಳಿ! ಅಲ್ಲಿಂದ ಶುರು. ಹೆಣ ಕೊಳೆಯುತ್ತ ಇರುತ್ತೆ, ಮಂದಿ ಬಂಗಾರ ನೋಡುತ್ತ ಇರ್ತಾರೆ. ಪಂಡಿತ ಪ್ರಾಣೇಶಾಚಾರ್ಯ ಗ್ರಂಥದಲ್ಲಿ ಉತ್ತರ ಹುಡುಕುತ್ತ ತಾನೇ ಕಳೆದುಹೋಗ್ತಾನೆ.

ಈ ಕಥೆ ಹಿಡಿದು ಗಾಂಧಿನಗರಕ್ಕೆ ಹೋದರೆ ಯಾವ ಹಂಚಿಕೆದಾರ ಅಡ್ವಾನ್ಸ್ ಕೊಡ್ತಾನೆ ಹೇಳಿ? ಡ್ಯುಯೆಟ್ ಇಲ್ಲ, ಫೈಟಿಂಗ್ ಇಲ್ಲ, ಕಲರ್ ಇಲ್ಲ! ಪಟ್ಟಾಭಿ ತಾವೇ ನಿರ್ಮಾಪಕ, ತಾವೇ ನಿರ್ದೇಶಕ ಆದರು. ತೆಲುಗಿನವರಾದ ಅವರ ಮೊದಲ ನಿರ್ದೇಶನ ಕನ್ನಡದಲ್ಲಿ!

ಸ್ಟುಡಿಯೋ ಸೆಟ್ಟು ಬೇಡ ಅಂತ ಶೃಂಗೇರಿ ಹತ್ತಿರದ ವೈಕುಂಠಪುರಕ್ಕೇ ಯೂನಿಟ್ ಒಯ್ದರು. ಆ ಯೂನಿಟ್ಟಿನ ಹೆಸರು ಓದಿ, ಮೈ ಜುಮ್ ಅನ್ನುತ್ತೆ! ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನ ಪಾತ್ರ ಮಾಡಿದವರು ಗಿರೀಶ ಕಾರ್ನಾಡ. ಅದು ಅವರ ಮೊದಲ ಚಿತ್ರ. ನಾರಣಪ್ಪ ಆದವರು ಪಿ. ಲಂಕೇಶ್. ಚಂದ್ರಿಯಾಗಿ ಸ್ವತಃ ಸ್ನೇಹಲತಾ. ಕ್ಯಾಮೆರಾ ಹಿಡಿದವನು ಆಸ್ಟ್ರೇಲಿಯಾದ ಟಾಮ್ ಕೋವನ್. ಕಲೆ ಎಸ್.ಜಿ. ವಾಸುದೇವ್. ಸಂಗೀತ ಸರೋದ್ ವಾದಕ ರಾಜೀವ ತಾರಾನಾಥ, ನಮ್ಮ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರ ಮಗ! ಪಟ್ಟಾಭಿಯವರ ಬೆನ್ನಿಗೆ ನಿಂತು ಕೆಲಸ ನಡೆಸಿಕೊಟ್ಟವರು ಸಿಂಗೀತಂ ಶ್ರೀನಿವಾಸರಾವ್. ಮುಂದೆ ಅಣ್ಣಾವ್ರಿಗೆ ‘ಹಾಲು ಜೇನು’, ‘ಚಲಿಸುವ ಮೋಡಗಳು’, ‘ಶ್ರಾವಣ ಬಂತು’ ಕೊಟ್ಟ ಅದೇ ಸಿಂಗೀತಂ!

ನೋಡಿ, ನಿರ್ಮಾಪಕನ ಕೆಲಸ ಇದು. ಯಾರಿಗೆ ಯಾವ ಕೆಲಸ ಅಂತ ಗುರುತಿಸೋದು. ಒಬ್ಬರಿಗೂ ಸ್ಟಾರ್ ಅಂತ ಹೆಸರಿಲ್ಲದಾಗ ನಂಬಿ ರೊಕ್ಕ ಹಾಕೋದು. ಯೂನಿಟ್ಟಿಗೆ ಊಟ, ಲಾರಿಗೆ ಡೀಸೆಲ್, ಕ್ಯಾಮೆರಾಕ್ಕೆ ಫಿಲ್ಮು, ಎಲ್ಲಕ್ಕೂ ಅವನೇ ಜವಾಬು. ಮಳೆ ಬಂದು ಶೂಟಿಂಗ್ ನಿಂತರೆ ಹೀರೋ ನಿದ್ದೆ ಮಾಡಬಹುದು, ನಿರ್ಮಾಪಕನಿಗೆ ನಿದ್ದೆ ಇಲ್ಲ.

ಚಿತ್ರ ಮುಗಿಯಿತು. ಮದ್ರಾಸಿನ ಸೆನ್ಸಾರ್ ಮಂಡಳಿ ಬಾಗಿಲು ಹಾಕಿತು! ಒಂದು ಜಾತಿಯ ಮನಸ್ಸು ನೋಯುತ್ತೆ ಅನ್ನೋ ಭಯ. ಆಗ ಡಬ್ಬಿ ಮನೆಯಲ್ಲಿಟ್ಟು ಕೂತುಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗೀತಿತ್ತು. ಹಾಗಾಗಲಿಲ್ಲ. ವಿಷಯ ದಿಲ್ಲಿಗೆ ಹೋಯಿತು, ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ತಡೆ ತೆಗೆಯಿತು. 1970ರ ಅತ್ಯುತ್ತಮ ಭಾರತೀಯ ಚಿತ್ರ ಅಂತ ರಾಷ್ಟ್ರಪತಿಗಳ ಚಿನ್ನದ ಪದಕ ಬಂತು. ಕನ್ನಡಕ್ಕೆ ಆ ಗೌರವ ಅದೇ ಮೊದಲು! ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲೂ ಪ್ರಶಸ್ತಿ. ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’, ಮುಂದೆ ಇದೇ ಪದವಿಗೆ ಏರಿದ ಐದು ಕನ್ನಡ ಚಿತ್ರಗಳಿಗೆ ದಾರಿ ಮಾಡಿದ್ದು ಈ ಒಂದು ಕಪ್ಪು-ಬಿಳುಪು ಚಿತ್ರ.

ನಮ್ಮ ಭಾಲ್ಕಿಯವರಿಗೆ ಇಂಥ ಹಟ ಹೊಸದಲ್ಲ. ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಊರು ಇದು. ಬೇಡ ಅಂದದ್ದನ್ನ ಹೇಗೆ ಮಾಡಬೇಕು ಅನ್ನೋದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಆದರೆ ಒಂದು ದೂರು ನನ್ನದೂ ಇದೆ, ಹೇಳಿಬಿಡ್ತೀನಿ. ಇಷ್ಟೆಲ್ಲ ಹೆಸರು ಮಾಡಿದ ‘ಸಂಸ್ಕಾರ’ ನಮ್ಮ ಕಡೆ ಟೂರಿಂಗ್ ಟಾಕೀಸಿಗೆ ಬಂದದ್ದು ನನಗೆ ನೆನಪಿಲ್ಲ. ಜಾತಿಯ ಪೆಟ್ಟು ತಿಂದವರು ನಾವು, ಆ ಚಿತ್ರ ನೋಡಿದವರು ಪಟ್ಟಣದವರು! ನಾನು ನೋಡಿದ್ದು 1988ರಲ್ಲಿ. ಕಂಡಕ್ಟರ್ ಕೆಲಸದ ಸಂದರ್ಶನಕ್ಕೆ ಗುಲ್ಬರ್ಗಕ್ಕೆ ಹೋದಾಗ ಒಂದು ಕಾಲೇಜಿನ ಹಾಲಿನಲ್ಲಿ 16 ಎಂ.ಎಂ. ಪ್ರೊಜೆಕ್ಟರ್ ಇಟ್ಟು ತೋರಿಸುತ್ತಿದ್ದರು. ಚಂದ್ರಿ ಪರದೆ ಮೇಲೆ ಬಂದಳು ನೋಡಿ, ಎದೆ ಧಸಕ್ ಅಂತು. ಭಜಿ ಹಾಳೆಯ ಅದೇ ಕಣ್ಣು! ಚಿತ್ರ ಮುಗಿದ ಮೇಲೆ ಒಬ್ಬ ಮೇಷ್ಟ್ರನ್ನು ಹಿಡಿದು ಕೇಳಿದೆ, “ಸರ್, ಈಕಿ ಜೈಲಿಗಿ ಯಾಕ ಹೋದ್ರು?” ಅವರು ಮೆಟ್ಟಿಲ ಮೇಲೆ ಕೂಡಿಸಿಕೊಂಡು ಒಂದು ತಾಸು ಹೇಳಿದರು.

ಎಂಟು ತಿಂಗಳು... ಐದು ದಿನ

1975ರ ಜೂನ್ 25. ತುರ್ತು ಪರಿಸ್ಥಿತಿ! ಪತ್ರಿಕೆಗೆ ಸೆನ್ಸಾರು, ವಿರೋಧಿಗಳಿಗೆ ಜೈಲು. ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಭೂಗತರಾದರು. ಅವರು ಪಟ್ಟಾಭಿ-ಸ್ನೇಹಲತಾ ದಂಪತಿಯ ಸ್ನೇಹಿತರು. ಮನೆ ಬಾಗಿಲು ಹಾಕಿಕೊಂಡು, ನಮಗ್ಯಾಕೆ ರಾಜಕೀಯ ಅನ್ನಬಹುದಿತ್ತು. ಸಿನಿಮಾದವರು ಎಷ್ಟು ಮಂದಿ ಹಾಗೆ ಅನ್ನಲಿಲ್ಲ! ಇವರು ಅನ್ನಲಿಲ್ಲ.

1976ರ ಮೇ ತಿಂಗಳ ಆರಂಭದಲ್ಲಿ ಸ್ನೇಹಲತಾ ಅವರನ್ನು ಬಂಧಿಸಿದರು. ಬರೋಡಾ ಡೈನಮೈಟ್ ಪ್ರಕರಣದ ಹೆಸರು ಹೇಳಿದರು. ಕೊನೆಗೆ ಆರೋಪಪಟ್ಟಿ ಬಂದಾಗ ಅದರಲ್ಲಿ ಅವರ ಹೆಸರೇ ಇರಲಿಲ್ಲ! ಆದರೂ ಬಿಡಲಿಲ್ಲ. ವಿಚಾರಣೆ ಇಲ್ಲದೆ ಎಂಟು ತಿಂಗಳು ಬೆಂಗಳೂರು ಸೆಂಟ್ರಲ್ ಜೈಲಿನ ಕೋಣೆ. ಆಕೆಗೆ ಮೊದಲೇ ಆಸ್ತಮಾ. ಸರಿಯಾದ ಚಿಕಿತ್ಸೆ ಇಲ್ಲದೆ ದಿನದಿಂದ ದಿನಕ್ಕೆ ಸೊರಗಿದರು.

ಅಂಥದ್ದರಲ್ಲೂ ಸುಮ್ಮನೆ ಕೂರಲಿಲ್ಲ ಆ ತಾಯಿ. ಜೊತೆಯ ಹೆಣ್ಣು ಕೈದಿಗಳನ್ನು ಹೊಡೆಯುವುದು ನಿಲ್ಲಬೇಕು, ತಿನ್ನುವಂಥ ಊಟ ಕೊಡಬೇಕು ಅಂತ ಒಳಗೇ ಹೋರಾಡಿದರು. ದಿನಚರಿ ಬರೆದರು. ಅದು ಅವರ ಸಾವಿನ ನಂತರ 1977ರಲ್ಲಿ ಪುಸ್ತಕವಾಗಿ ಬಂತು.

1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಜನವರಿ 20ರಂದು ತೀರಿಕೊಂಡರು. ಐದೇ ದಿನ! ಎರಡು ತಿಂಗಳು ಕಳೆದು ತುರ್ತು ಪರಿಸ್ಥಿತಿಯೂ ಹೋಯಿತು. ಅದನ್ನು ನೋಡಲು ಚಂದ್ರಿ ಇರಲಿಲ್ಲ.

ಮೇಷ್ಟ್ರು ಇಷ್ಟು ಹೇಳಿ ಸುಮ್ಮನಾದರು. ನನಗೆ ಒಂದೇ ಯೋಚನೆ. ಕಥೆಯಲ್ಲಿ ಪರರ ಹೆಣಕ್ಕಾಗಿ ಬಂಗಾರ ಬಿಚ್ಚಿಕೊಟ್ಟವಳು ಚಂದ್ರಿ. ನಿಜ ಜೀವನದಲ್ಲಿ ಈ ಮನೆಯವರು ಏನೇನು ಬಿಚ್ಚಿ ಕೊಡಲಿಲ್ಲ! ಇಂಥ ಹಾದಿ ಹಿಡಿದದ್ದು ಸರಿಯೇ, ಮಡದಿಯ ಪ್ರಾಣ ಹೋಯಿತಲ್ಲ ಅಂತ ಆವತ್ತು ಮೇಷ್ಟ್ರನ್ನು ಕೇಳಿದೆ. “ಆಕಿ ಪಟ್ಟಾಭಿ ಹಿಂದ ಹೋದಾಕಿ ಅಲ್ಲಪ್ಪ, ಜೊತಿಗಿ ನಡದಾಕಿ” ಅಂದರು. ಆ ಮಾತಿಗೆ ನನ್ನ ಬಳಿ ಎದುರು ಮಾತಿರಲಿಲ್ಲ.

ಮೆಜೆಸ್ಟಿಕ್‌ನಿಂದ ನಡೆದು ಹೋಗುವಷ್ಟು ದೂರ

ಮಡದಿ ಹೋದ ಮೇಲೆ ಪಟ್ಟಾಭಿ ಮೂಲೆ ಸೇರಲಿಲ್ಲ. ಲಂಕೇಶರ ‘ಕ್ರಾಂತಿ ಬಂತು ಕ್ರಾಂತಿ’ ನಾಟಕ ಆಧರಿಸಿದ ‘ಚಂಡಮಾರುತ’ 1977ರಲ್ಲಿ ಬಂತು. 1984ರಲ್ಲಿ ‘ಶೃಂಗಾರ ಮಾಸ’, 1993ರಲ್ಲಿ ‘ದೇವರ ಕಾಡು’. ಇಪ್ಪತ್ತಮೂರು ವರ್ಷದಲ್ಲಿ ಕನ್ನಡಕ್ಕೆ ಕೊಟ್ಟದ್ದು ನಾಲ್ಕೇ ಚಿತ್ರ. ವರ್ಷಕ್ಕೆ ನಾಲ್ಕು ಮುಹೂರ್ತ ಮಾಡುವವರ ನಡುವೆ ಇದೆಂಥ ಲೆಕ್ಕ ಅನ್ನಬಹುದು. ಹೇಳೋದಿದ್ದಾಗ ಮಾತ್ರ ತೆಗೆದರು, ಇಲ್ಲದಾಗ ಸುಮ್ಮನಿದ್ದರು.

ಆ ಮನೆಯ ಹೋರಾಟ ಮಗಳ ಕೈಗೂ ಹೋಯಿತು. ನಂದನಾ ರೆಡ್ಡಿ ಬೆಂಗಳೂರಿನಲ್ಲಿ ದುಡಿಯುವ ಮಕ್ಕಳಿಗಾಗಿ ‘ದಿ ಕನ್ಸರ್ನ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ಕಟ್ಟಿದರು. ದುಡಿಯುವ ಮಕ್ಕಳದೇ ಸಂಘ ‘ಭೀಮ ಸಂಘ’ 1990ರಲ್ಲಿ ಶುರುವಾಯಿತು. ಬರೀ ನಿಷೇಧ ಹಾಕಿದರೆ ಸಾಲದು, ಮೊದಲು ಮಕ್ಕಳ ಮಾತು ಕೇಳಿ ಅನ್ನೋದು ಅವರ ವಾದ. ಕುಂದಾಪುರ ತಾಲೂಕಿನಲ್ಲಿ ‘ನಮ್ಮ ಭೂಮಿ’ ಅಂತ ಅವರದೊಂದು ಕಲಿಕೆಯ ನೆಲೆಯೂ ಆಯಿತು. 2012ರಲ್ಲಿ ಈ ಸಂಸ್ಥೆಯ ಹೆಸರು ನೊಬೆಲ್ ಶಾಂತಿ ಪ್ರಶಸ್ತಿಗೆ ಸೂಚನೆಯಾಗಿತ್ತು.

ಇದನ್ನೆಲ್ಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸ್ನೇಹಲತಾ ಜೈಲಿನಲ್ಲಿದ್ದ ಅದೇ 1976ರಲ್ಲಿ ಏಳು ನೂರು ಕಿಲೋಮೀಟರು ಆಚೆ ಭಾಲ್ಕಿಯಲ್ಲಿ ಒಬ್ಬ ಹತ್ತು ವರ್ಷದ ಪೋರ ಕಪ್ಪು ತೊಳೀತಿದ್ದ. ಆಕೆಯ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಮುಂದೆ ನನ್ನಂಥವರ ಬೆನ್ನಿಗೇ ನಿಂತಳು! ದೇಶಕ್ಕೆ ಬಾಲಕಾರ್ಮಿಕ ಕಾಯ್ದೆ 1986ರಲ್ಲಿ ಬಂತು. ಆದರೆ ಹೊಟೇಲು, ಢಾಬಾಗಳಲ್ಲಿ 14 ತುಂಬದ ಮಕ್ಕಳನ್ನು ಇಟ್ಟುಕೊಳ್ಳಬಾರದು ಅನ್ನೋ ನಿಷೇಧ ಜಾರಿಯಾದದ್ದು 2006ರ ಅಕ್ಟೋಬರಿನಲ್ಲಿ. ಪಟ್ಟಾಭಿ ಅದೇ ವರ್ಷ ಮೇ 6ರಂದು, 87ರ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡಿದ್ದರು.

ನಾನು ರಾತ್ರಿ ಬಸ್ಸಿನ ಡ್ಯೂಟಿ ಮೇಲೆ ಎಷ್ಟೋ ಸಲ ಬೆಂಗಳೂರಿಗೆ ಹೋಗಿದ್ದೇನೆ. ಮೆಜೆಸ್ಟಿಕ್‌ನಲ್ಲಿ ಇಳಿದ ನಮ್ಮ ಕಡೆಯ ಹುಡುಗರು ಮೊದಲು ಕೇಳೋದು ಒಂದೇ: “ಗಾಂಧಿನಗರ ಯಾ ಕಡಿಗಿ ಅದ, ಕಾಕಾ?” ಕೈ ಮಾಡಿ ತೋರಿಸುತ್ತಿದ್ದೆ. ಅಲ್ಲಿಂದ ಇನ್ನೂ ಸ್ವಲ್ಪ ನಡೆದರೆ ಶೇಷಾದ್ರಿ ರಸ್ತೆ. ಅಲ್ಲೇ ಇತ್ತು ಆ ಹಳೇ ಸೆಂಟ್ರಲ್ ಜೈಲು. 2008ರಲ್ಲಿ ಅದನ್ನು ‘ಫ್ರೀಡಂ ಪಾರ್ಕ್’ ಮಾಡಿದರು. ನಿರ್ಮಾಪಕರ ಆಫೀಸುಗಳ ಬೀದಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಚಿನ್ನದ ಪದಕದ ಚಿತ್ರದ ನಾಯಕಿ ಉಸಿರಿಗಾಗಿ ಒದ್ದಾಡಿದ್ದರು!

ಒಂದು ಬೆಳಿಗ್ಗೆ ಡ್ಯೂಟಿ ಬ್ಯಾಗ್ ಡಿಪೋದಲ್ಲಿಟ್ಟು ನಾನೂ ಹೋದೆ. ಹಳೇ ಕಾವಲು ಗೋಪುರ ಇನ್ನೂ ನಿಂತಿತ್ತು. ಬೆಂಚಿನ ಮೇಲೆ ಇಬ್ಬರು ಪ್ರೇಮಿಗಳು ಕೂತಿದ್ದರು, ಗೇಟಿನ ಹತ್ತಿರ ಯಾರೋ ಧರಣಿಗೆ ಶಾಮಿಯಾನ ಹಾಕುತ್ತಿದ್ದರು. ಹೊರಗೆ ಬಂದು ಒಂದು ಚಾ ಕುಡಿದೆ. ಚಾ ತಂದುಕೊಟ್ಟವನ ವಯಸ್ಸು ಕೇಳಿದೆ. “ಹದಿನೆಂಟು ಸಾರ್” ಅಂದ. ಮೀಸೆ ಚಿಗುರಿರಲಿಲ್ಲ.

ಸೀಟಿ ಹೊಡೀರಿ!

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಹೌದು ತಮ್ಮಾ, ಪ್ರೊಡ್ಯೂಸರ್ ಅಂದ್ರ ರೊಕ್ಕ ಹಾಕಾಂವನೇ. ಸುಳ್ಳಲ್ಲ. ಆದರ ಯಾವುದಕ್ಕ ಹಾಕ್ತಾನ ಅನ್ನೋದರ ಮ್ಯಾಲ ಆ ಮನುಷ್ಯಾನ ತೂಕ ಗೊತ್ತಾಗ್ತದ. ತೆಲುಗಿನ ದೊಡ್ಡ ಹೀರೋಗಳ ಚಿತ್ರ ಮಾಡಿ ಬಂದವರು ಪಟ್ಟಾಭಿ, ಯಾರೂ ಮುಟ್ಟದ ಹೆಣದ ಕಥೆಗೆ ರೊಕ್ಕ ಹಾಕಿದರು. ಆ ಚಿತ್ರಕ್ಕೆ ಮಾತ್ರ ಅಲ್ಲ, ಅದರಲ್ಲಿ ಹೇಳಿದ ಮಾತಿಗೂ ಬೆಲೆ ತೆತ್ತರು.

ನಿಮ್ಮಲ್ಲಿ ಎಷ್ಟೋ ಮಂದಿಗೆ ಹೀರೋ ಆಗಬೇಕು, ಡೈರೆಕ್ಟರ್ ಆಗಬೇಕು ಅಂತ ಆಸೆ ಇರಬಹುದು. ಆಗ್ರಿ! ಬೆಂಗಳೂರು ಬಸ್ಸಿನ ಕಂಡಕ್ಟರನೇ ರಜನಿಕಾಂತ್ ಆಗಲಿಲ್ಲವೇ? (ನಾನೂ ಕಂಡಕ್ಟರ್ ಆದೆ, ರಜನಿಕಾಂತ್ ಮಾತ್ರ ಆಗಲಿಲ್ಲ!) ನಿಮ್ಮಲ್ಲಿ ಯಾರಾದರೂ ನಾಲ್ಕು ಕಾಸು ಕೂಡಿಸಿ ಒಂದು ಚಿತ್ರಕ್ಕೆ ಹಾಕುವ ದಿನ ಬಂದರೆ, ಒಂದು ಸಲ ಪಟ್ಟಾಭಿಯವರನ್ನು ನೆನೆಸಿಕೊಳ್ಳಿ. ಔರಾದ, ಭಾಲ್ಕಿ, ಬೀದರಿನ ಕಥೆಗಳಿಗೆ ಇನ್ನೂ ಯಾರೂ ರೊಕ್ಕ ಹಾಕಬೇಕಾದಷ್ಟು ಹಾಕಿಲ್ಲ.

ಅದಿರಲಿ, ಸದ್ಯಕ್ಕೆ ಒಂದು ಸಣ್ಣ ಕೆಲಸ. ‘ಸಂಸ್ಕಾರ’ ಎಲ್ಲಾದರೂ ಸಿಕ್ಕರೆ ಗೆಳೆಯರನ್ನು ಕೂಡಿಸಿಕೊಂಡು ನೋಡಿ. ಮೊದಲ ಹತ್ತು ನಿಮಿಷ ಬೇಜಾರಾದೀತು, ಎದ್ದು ಹೋಗಬೇಡಿ. ಚಂದ್ರಿ ಬಂಗಾರ ಬಿಚ್ಚುವ ತನಕ ಕೂತಿರಿ, ಆಮೇಲೆ ಅದೇ ಹಿಡಿದು ಕೂಡಿಸುತ್ತೆ. ಟೈಟಲ್ ಕಾರ್ಡಿನಲ್ಲಿ ಪಟ್ಟಾಭಿರಾಮ ರೆಡ್ಡಿ ಅಂತ ಹೆಸರು ಬಂದಾಗ, ಹೀರೋ ಎಂಟ್ರಿಗೆ ಹೊಡೀತೀರಲ್ಲ, ಹಂಗೆ ಒಂದು ಸೀಟಿ ಹೊಡೀರಿ!

ಹಾಂ, ಇನ್ನೊಂದು ಮಾತು. ಬಸ್‌ಸ್ಟ್ಯಾಂಡಿನಲ್ಲಿ ಚಾ ತಂದುಕೊಡೋ ಪೋರನಿಗೆ ಓದಿ ಮುಗಿದ ಪತ್ರಿಕೆ ಕೊಟ್ಟು ಹೋಗಿ. ಅವನು ಶಾಲೆಗೆ ಹೋಗ್ತಾನೋ ಇಲ್ಲವೋ ಅಂತಲೂ ಒಂದು ಮಾತು ಕೇಳಿ. ನನ್ನನ್ನು ಆಗ ಯಾರೂ ಕೇಳಲಿಲ್ಲ.